ಮತ್ತೊಮ್ಮೆ ಸಾಹೇಬರ ಬಾಗಿಲು

"ರೀ, ಬಾಗಿಲು ಇನ್ನೂ ಹಿತ್ತಿಲಲ್ಲೇ ಮಲಗಿದೆಯಲ್ರೀ!"

ಹೆಂಡತಿಯ ಕೂಗು ಸಾಹೇಬರಿಗೆ ಕೇಳಿಸಿತು, ಆದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಕುರ್ಚಿಗಳ ಮೇಲೆ ಅಡ್ಡಡ್ಡ ಮಲಗಿದ್ದದ್ದು ಮಗಳ ಕೋಣೆಯ ಬಾಗಿಲು. ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ ಎಂದು ಅದನ್ನು ಕಳಚಿ ತಂದು ವಾರದ ಮೇಲಾಗಿತ್ತು. ಕೀಸುಳಿಯಿಂದ ಅಂಚನ್ನು ಒಂದು ಸಲ ಕೀಸುವುದು, ಒಂದು ಕಣ್ಣು ಮುಚ್ಚಿ ನೋಡುವುದು, ತೃಪ್ತಿಯಾಗದೆ ಮತ್ತೆ ಕೀಸುವುದು. ಮೇಲಿನ ಮರದಿಂದ ಹಣ್ಣೆಲೆ ಉದುರಿ ಬಾಗಿಲ ಮೇಲೆ ಬಿದ್ದರೆ ಅದನ್ನು ಉಫ್ ಎಂದು ಊದಿ, ಮತ್ತೆ ಶುರು.

"ಆಯ್ತು ಕಣೇ, ಇನ್ನೊಂದು ಸಲ ಕೀಸಿದ್ರೆ ಮುಗೀತು."

"ಬೆಳಿಗ್ಗೆಯಿಂದ ಇದೇ ರಾಗ. ಸಂಜೆಗೆ ಮಗಳು ಎಳೆಮಗೂನ ಎತ್ಕೊಂಡು ಬರ್ತಾಳೆ. ಈ ಶೀತಗಾಳೀಲಿ ಬಾಗಿಲಿಲ್ಲದ ಕೋಣೇಲಿ ಮಲಗಿಸ್ಲಾ ಅದನ್ನ? ನೀವು ಕೂರಿಸ್ತೀರೋ, ಇಲ್ಲ ಬಡಗೀನ ಕರೀಲೋ?"

ಬಡಗಿ ಎಂದದ್ದೇ ತಡ, ಸಾಹೇಬರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾಹೇಬರು ಎನ್ನುವುದೂ ಈಗ ಹಳೆಯ ಮಾತು ಅನ್ನಿ. ಕಚೇರಿಯಿಂದ ನಿವೃತ್ತರಾಗಿ ಒಂದು ಮಳೆಗಾಲ ಕಳೆದಿತ್ತು. ಅಲ್ಲಿ ಅವರಿಗೆ 'ಮತ್ತೊಮ್ಮೆ ಸಾಹೇಬರು' ಎಂದೇ ಅಡ್ಡಹೆಸರು. ಯಾವ ಫೈಲೂ ಮೊದಲ ಸಲಕ್ಕೆ ಅವರ ಮೇಜು ದಾಟಿದ್ದಿಲ್ಲ. 'ಮತ್ತೊಮ್ಮೆ ನೋಡಿ' ಎಂದು ಬರೆದು ವಾಪಸು! ಈಗ ಫೈಲುಗಳು ಬದುಕಿಕೊಂಡವು, ಆ ಗತಿ ಮನೆಗೆ ಬಂತು. ಬಣ್ಣ ಹಚ್ಚಲು ಹೊರಟ ಗೋಡೆ ಅರ್ಧಕ್ಕೇ ನಿಂತಿತ್ತು. ಅಲ್ಲಾಡುತ್ತಿದ್ದ ಮೇಜು ಕಾಲು ಕಳಚಿಸಿಕೊಂಡು ಮೂಲೆ ಸೇರಿತ್ತು. ಊಟಕ್ಕೆ ಕೂತವರು ಎರಡು ತುತ್ತಿಗೊಮ್ಮೆ ಎದ್ದು ಹೋಗಿ ಯಾವುದೋ ಸ್ಕ್ರೂ ತಿರುಗಿಸಿ ಬರುವರು. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಯಾರಾದರೂ ಕೇಳಿದರೆ ಮಾತ್ರ, "ಆಹಾ, ಹಾಯಾಗಿದ್ದೀನಿ!" ಎನ್ನುವರು.

"ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ," ಎಂದಳು ಹೆಂಡತಿ. "ಸದ್ಯ, ನಮ್ಮನೆಗೆ ಮಗೂನೂ ಬರ್ತಿದೆ. ಇನ್ನೇನು ಬೇಕು ನಿಮಗೆ!"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಇವತ್ತು ಸಾಹೇಬರು ಕೀಸುಳಿಯನ್ನು ಕೆಳಗಿಟ್ಟುಬಿಟ್ಟರು.

"ಇದೂ ಮುಗಿದ್ರೆ ನಾಳೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ? ನೀನೇ ಹೇಳು. ಈ ಮನೇಲಿ ನಿಂಗೊಂದು ಓಡಾಟ ಇದೆ. ಮಗಳು ಬಂದ್ರೆ ಅವಳಿಗೆ ಮಗು ಇದೆ. ನಾನು ಸುತ್ತಿಗೆ ಹಿಡಿದಷ್ಟು ಹೊತ್ತು ಮನೆಯವನು. ಬರೀ ಕೂತ್ರೆ ಯಾರೋ ನೆಂಟ ಬಂದು ಕೂತ ಹಾಗೆ. ನಂಗೆ ಭಯ ಆಗುತ್ತೆ ಕಣೇ."

ಹೆಂಡತಿ ಹತ್ತಿರ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿನ ಇನ್ನೊಂದು ತುದಿ ಹಿಡಿದಳು. "ಎತ್ತಿ. ನಾಳೆ ಕಥೆ ನಾಳೆಗೆ."

ಎತ್ತಿದರು. "ಸ್ವಲ್ಪ ಮೇಲೆ... ಅಯ್ಯೋ, ಅಷ್ಟಲ್ಲ!" "ನನ್ನ ಕಾಲ ಮೇಲೆ ಇಟ್ಟಿದ್ದೀರಲ್ರೀ!" ಎಂದೆಲ್ಲ ಕಿತ್ತಾಡುತ್ತ ಅಂತೂ ಕೀಲುಗಳಿಗೆ ಸ್ಕ್ರೂ ಬಿಗಿದರು. ಬಾಗಿಲು ಎಲ್ಲೂ ತಾಗದೆ, ಚೂರೂ ಕಿರುಗುಟ್ಟದೆ ಬೆಣ್ಣೆಯ ಹಾಗೆ ಕೂತಿತು. ಸಾಹೇಬರು ತಪ್ಪು ಹುಡುಕಿದರು. ಮೇಲೆ ನೋಡಿದರು, ಬಗ್ಗಿ ಕೆಳಗೆ ನೋಡಿದರು. ಹುಡುಕಿದರೂ ಒಂದು ತಪ್ಪಿಲ್ಲ.

ಸಂಜೆ ಮಗಳು ಬಂದಳು. ಸಾಹೇಬರು ಚೀಲಗಳನ್ನು ಇಳಿಸುವುದರೊಳಗೆ ತಾಯಿ ಮಗಳು ಮಗುವನ್ನೆತ್ತಿಕೊಂಡು ಕೋಣೆ ಸೇರಿ, ಗಾಳಿ ಬರಬಾರದೆಂದು ಬಾಗಿಲು ಹಾಕಿಕೊಂಡರು. ಒಳಗಿನ ಒಂದು ಮಾತೂ ಹೊರಗೆ ಬರಲಿಲ್ಲ. ಅಷ್ಟು ಚೆನ್ನಾಗಿ ಕೂತಿತ್ತು ಬಾಗಿಲು!

ಸಾಹೇಬರು ನಡುಮನೆಯಲ್ಲಿ ಕೂತರು. ಎದ್ದರು. ಚೀಲಗಳನ್ನು ಗೋಡೆಗೆ ಒರಗಿಸಿದರು, ಮತ್ತೆ ಸರಿಯಾಗಿ ಒರಗಿಸಿದರು. ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡು ಕೋಣೆಯತ್ತ ಎರಡು ಹೆಜ್ಜೆ ಇಟ್ಟರು. ಏನನ್ನಿಸಿತೋ, ಅದನ್ನು ಕಿಟಕಿಯ ಮೇಲಿಟ್ಟು, ಬರಿಗೈಲಿ ಬಂದು ಬಾಗಿಲು ತಟ್ಟಿದರು.

"ಒಳಗೆ ಬರಬಹುದಾ?"

ತಮ್ಮ ಮನೆಯಲ್ಲಿ ತಾವೇ ಹೀಗೆ ಕೇಳಿದ್ದು ಅವರಿಗೇ ವಿಚಿತ್ರವೆನಿಸಿತು. ಒಳಗೆ ಇಬ್ಬರೂ ಕಿಸಕ್ಕನೆ ನಕ್ಕರು. ಸಾಹೇಬರು ಬಾಗಿಲು ತಳ್ಳಿದರು. ಮಂಚದ ಮೇಲೆ ಮಗು, ಅದರ ಎಡಕ್ಕೆ ಮಗಳು, ಬಲಕ್ಕೆ ಹೆಂಡತಿ. ಕಾಲ ಬಳಿ ಒಬ್ಬರು ಕೂರುವಷ್ಟು ಜಾಗ.

"ಬನ್ನಿ ಅಪ್ಪಾ. ಏನು ಬೇಕಿತ್ತು?" ಎಂದಳು ಮಗಳು.

ಅವಳು ಕೇಳಿದ್ದು ಸಹಜವಾಗಿಯೇ. ಆದರೆ ಕಾರಣವಿಲ್ಲದೆ ಯಾವ ಕೋಣೆಗೂ ಕಾಲಿಟ್ಟು ಗೊತ್ತಿಲ್ಲದ ಮನುಷ್ಯ. ಸಾಹೇಬರ ಕಣ್ಣು ಕಿಟಕಿಯ ಚಿಲಕದ ಮೇಲೆ ಹೋಯಿತು, ಅಲ್ಲಿಂದ ಗೋಡೆಯ ಗೂಡಿನ ಮೇಲೆ, ಅಲ್ಲಿಂದ ಮಂಚದ ಕಾಲಿನ ಮೇಲೆ. ಏನಾದರೊಂದು ಹೇಳಬಹುದಿತ್ತು. ಹೆಂಡತಿ ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಿದ್ದಳು.

"ಏನೂ ಇಲ್ಲಮ್ಮ," ಎಂದರು. "ಸುಮ್ನೆ ಬಂದೆ."

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ, ಆ ಚಳಿಯಲ್ಲೂ, ಸಾಹೇಬರು ಬೆವೆತುಹೋಗಿದ್ದರು.