ನವಿಲಿನ ಡಬ್ಬ

ಅತ್ತೆಗೆ ಖುಷಿಯಾಗಲಿ ಎಂದು ಹೊಸ ಸೊಸೆ ಅಡುಗೆಮನೆಯ ಹಳೇ ತಗಡಿನ ಡಬ್ಬಗಳನ್ನು ಇಳಿಸಿದಳು. ಬಣ್ಣ ಏಳಬಾರದೆಂದು ನಾರು ಮುಟ್ಟಿಸದೆ, ಕೊಬ್ಬರಿಎಣ್ಣೆ ಸವರಿ, ಪಂಚೆಯ ತುಂಡಿನಿಂದ ಮೆಲ್ಲಗೆ ಜಿಡ್ಡು ಒರೆಸಿದಳು. ಉಪ್ಪಿನ ಡಬ್ಬದ ಮೇಲೆ ನವಿಲು, ಸಕ್ಕರೆಯದರ ಮೇಲೆ ತಾವರೆ ಹೊಳೆದವು.

ಹಿತ್ತಲಿನಿಂದ ಬಂದ ಅತ್ತೆ ಡಬ್ಬಗಳನ್ನು ಸವರಿದವರೇ ಬೆಚ್ಚಿದರು.

"ಯಾರೇ ಇದನ್ನು ಮುಟ್ಟು ಅಂದದ್ದು?"

"ಚಿತ್ರ ಒಂಚೂರೂ ಹೋಗಿಲ್ಲ ಅತ್ತೆ."

"ಉಪ್ಪಿನದರ ಮುಚ್ಚಳದಲ್ಲಿ ಜಿಡ್ಡು ಗಂಟುಗಟ್ಟಿತ್ತಲ್ಲ, ಅದು?"

"ಅದೂ ಪೂರ್ತಿ ಹೋಯಿತು!"

ಅತ್ತೆ ಅಲ್ಲೇ ಕುಸಿದು ಕೂತರು. ಸೊಸೆಯ ಕಣ್ಣು ತುಂಬಿತು.

"ನಾನೇನು ತಪ್ಪು ಮಾಡಿದೆ ಅತ್ತೆ?"

ಅತ್ತೆ ಬಾಗಿಲ ಕಡೆ ಕಿವಿಗೊಟ್ಟರು. ಆಮೇಲೆ ಹೊಳೆಯುವ ನವಿಲಿನ ಮೇಲೆ ಕೈಯಿಟ್ಟುಕೊಂಡೇ ಪಿಸುಗುಟ್ಟಿದರು:

"ನನ್ನ ಮಗನಿಗೆ ಹೇಳಬೇಡ ಕಣೇ. ಇದರಲ್ಲಿ ನವಿಲಿನ ಡಬ್ಬ ಯಾವುದು?"