ಏಳು ಸಲ ಕೇಳುವ ಹೆಸರು

ಕಡಕ್ ರೊಟ್ಟಿಯ ವಾಸನೆ ಬಂದರೆ ಈಗಲೂ ಕುಷ್ಟಗಿಯ ನಮ್ಮ ಅಡುಗೆಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಮರುದಿನ ಶಾಲೆಯ ಮಾಸ್ತರರು ನಮ್ಮ ತರಗತಿಯವರನ್ನು ಮೋಟಾರಿನಲ್ಲಿ ನಿಜಾಮರ ಗಡಿ ದಾಟಿಸಿ, ಇಂಗ್ಲಿಷರ ಸೀಮೆಯ ಬಿಜಾಪುರ ತೋರಿಸಲು ಕರೆದೊಯ್ಯುವವರಿದ್ದರು. ಅವ್ವ ನನಗಾಗಿ ರೊಟ್ಟಿ, ಶೇಂಗಾ ಚಟ್ನಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು.

“ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳತೈತಂತ,” ಎಂದೆ.

ಅವಳ ಕೈ ನಿಂತಿತು. “ಹಂಗಾರ ಅಲ್ಲಿ ನನ್ನ ಹೆಸರು ಕೂಗ್ತಿ ಏನು?”

“ಗಂಗವ್ವ ಅಂತ?”

“ಅದು ಮದುವ್ಯಾಗ ಈ ಮನ್ಯಾಗ ಇಟ್ಟಿದ್ದು. ನನ್ನ ತವರಿನ ಹೆಸರು ಕೂಗು.”

ಆ ಹೆಸರು ನನಗೆ ಗೊತ್ತೇ ಇರಲಿಲ್ಲ. ಅವ್ವ ಪಡಸಾಲೆಯಲ್ಲಿದ್ದ ಅಜ್ಜಿಯತ್ತ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು.

“ಮರೀತಿ ನೀನು. ಒಮ್ಮೆ ಅಂದು ತೋರಿಸು.”

ಅಂದೆ.

“ಇನ್ನೊಮ್ಮೆ.”

ಗಂಟು ಕಟ್ಟಿ ಮುಗಿಯುವಷ್ಟರಲ್ಲಿ ಅವಳು ಆ ಹೆಸರನ್ನು ನನ್ನಿಂದ ಏಳು ಸಲ ಅನ್ನಿಸಿದ್ದಳು.