ಗೊತ್ತಿದೆ ಎಂದ ಒಬ್ಬ

"ಇದು ನಿಮ್ಮದೇ ಕೆಲಸ, ಹೌಗನ್. ಮರ್ಯಾದೆಯಾಗಿ ಒಪ್ಕೊಂಡುಬಿಡಿ."

ಎವರೆಟ್ ಸ್ಟ್ರೌಡ್ ಕೋಟು ಕೂಡ ಬಿಚ್ಚದೆ ಪತ್ರವನ್ನು ಹೌಗನ್‌ನ ಮೇಜಿನ ಮೇಲೆ ಒಗೆದ. ಕಿಟಕಿಯಾಚೆ ಅಯೋವಾದ ಬಯಲಿನ ಮೇಲೆ ಹಿಮ ಕವಿಯುತ್ತಿತ್ತು. ಗಂಟೆ ಮೂರೂವರೆ. ನಾಲ್ಕಕ್ಕೆ ಟ್ರಸ್ಟಿಗಳ ಸಭೆ. ಅವನು ಇಪ್ಪತ್ತೆರಡು ವರ್ಷ ಅಧ್ಯಕ್ಷನಾಗಿ ದುಡಿದ ಕಾಲ್ಡರ್ ಕ್ರೀಕ್ ಕಾಲೇಜನ್ನು ಮುಚ್ಚುವುದೋ ಬೇಡವೋ ಎಂದು ಅಲ್ಲಿ ಮತ ಬೀಳಲಿತ್ತು.

ಪತ್ರ ಬಂದದ್ದು ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಪತ್ರಿಕೆಯಿಂದ. ಇನ್ನೂರ ಎಂಟು ಕಾಲೇಜುಗಳ ಅಧ್ಯಕ್ಷರು ತಜ್ಞರಂತೆ! ಪ್ರತಿ ಏಪ್ರಿಲ್‌ನಲ್ಲಿ ಅವರು ಪಟ್ಟಿ ಹಿಡಿದು ಕಾಲೇಜುಗಳಿಗೆ ಒಂದರಿಂದ ಐದರೊಳಗೆ ಅಂಕ ಹಾಕಬೇಕು, ಇಲ್ಲವೇ 'ಗೊತ್ತಿಲ್ಲ' ಎನ್ನಬೇಕು. 'ಗೊತ್ತಿಲ್ಲ' ಎಂದವರು ಲೆಕ್ಕಕ್ಕಿಲ್ಲ. ಈ ಸಲ ಕಾಲ್ಡರ್ ಕ್ರೀಕ್ ಬಗ್ಗೆ ಗೊತ್ತಿದೆ ಎಂದವನು ಒಬ್ಬನೇ ಒಬ್ಬ. ಆ ಪುಣ್ಯಾತ್ಮ ಕೊಟ್ಟದ್ದು ಒಂದು ಅಂಕ. ತಜ್ಞರ ಅಭಿಪ್ರಾಯ ಎಂದು ಅಚ್ಚಾದದ್ದೂ ಅದೇ. ಸೆಪ್ಟೆಂಬರಿನಲ್ಲಿ ಅರ್ಧ ತರಗತಿಗಳು ಖಾಲಿ ಹೊಡೆದವು.

"ಎಂಟು ಮೈಲಿ ಆಚೆ ಇರೋ ನಿಮ್ಮನ್ನ ಬಿಟ್ಟು ನಮ್ಮ ಕಾಲೇಜು ಇನ್ಯಾರಿಗ್ರೀ ಗೊತ್ತು?"

ವಾರೆನ್‌ಡೇಲ್ ಕಾಲೇಜಿನ ಅಧ್ಯಕ್ಷ ಹೌಗನ್ ಕನ್ನಡಕ ಒರೆಸಿಕೊಂಡ.

ಸ್ಟ್ರೌಡ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾ ಕಳ್ಳ, ಪರರ ನಂಬ. ಏಪ್ರಿಲ್‌ನಲ್ಲಿ ತನ್ನ ಕಾರ್ಯದರ್ಶಿ ಲೋರ್ನಾ ಪಟ್ಟಿ ತಂದಾಗ ಅವನು ತಲೆ ಎತ್ತಿಯೂ ನೋಡಿರಲಿಲ್ಲ.

"ಎಲ್ಲಕ್ಕೂ ಒಂದು ಹಾಕ್ಬಿಡು."

"ಎಲ್ಲಕ್ಕೂನಾ ಸಾರ್?"

"ಹೂಂ ಮತ್ತೆ! ಅವರು ಇಳಿದ್ರೆ ತಾನೇ ನಾವು ಏರೋದು?"

ಅವಳು ಹಾಕಿದಳು. ಇವನು ಸಹಿ ಗೀಚಿ ಊಟಕ್ಕೆ ಹೊರಟ. ಈಗ ಅದೇ ಏಟು ತನಗೂ ಬಿದ್ದಿದೆ ಎಂದು ಅವನು ಇಲ್ಲಿಗೆ ಓಡಿಬಂದಿದ್ದ.

"ನಾನೇ ಹಾಕಿದ್ದು ಅಂತ ಬರೆದುಕೊಡಿ. ಬೇಕಂತಲೇ ಮಾಡಿದ್ದು ಅಂತಾದ್ರೆ ಟ್ರಸ್ಟಿಗಳು ಆ ಅಂಕಾನ ಕಸಕ್ಕೆ ಹಾಕ್ತಾರೆ. ತೊಂಬತ್ತು ಜನರ ಅನ್ನದ ಪ್ರಶ್ನೆ ಇದು. ಇಲ್ಲಾಂದ್ರೆ ನಿಮ್ಮ ಮಾನ ಬೀದಿಗೆ ತರ್ತೀನಿ."

ಹೌಗನ್‌ಗೆ ಸಿಟ್ಟು ಬರಲಿಲ್ಲ. ಅದನ್ನು ಕಂಡೇ ಸ್ಟ್ರೌಡ್‌ಗೆ ಮೊದಲ ಬಾರಿ ಭಯವಾಯಿತು.

"ನಾನು ತುಂಬಿದ ಪಟ್ಟಿಯ ಪ್ರತಿ ಇಲ್ಲೇ ಇದೆ, ನೋಡ್ಕೊಳಿ. ನಿಮ್ಮದಕ್ಕೆ 'ಗೊತ್ತಿಲ್ಲ'. ನಿಮ್ಮಲ್ಲಿ ಒಂದು ಪಾಠಾನೂ ಕೂತು ಕೇಳಿದೋನಲ್ಲ ನಾನು. ಸುಮ್ಸುಮ್ನೆ ಬುರುಡೆ ಬಿಡ್ಲಾ?"

ಸ್ಟ್ರೌಡ್ ಸಾಲುಗಳ ಮೇಲೆ ಬೆರಳಾಡಿಸಿದ. ನಿಜ. ಬೆರಳು ಕೆಳಗಿಳಿಯುತ್ತಾ ಕೊನೆಯ ಪುಟದಲ್ಲಿ ನಿಂತುಬಿಟ್ಟಿತು. ವಾರೆನ್‌ಡೇಲ್.

"ನಿಮ್ಮ ಪಟ್ಟೀಲಿ ನಿಮ್ಮದೇ ಕಾಲೇಜು ಯಾಕಿದೆ?"

"ಎಲ್ಲರಿಗೂ ಬರೋದು ಒಂದೇ ಪಟ್ಟಿ ಅಲ್ವೇನ್ರೀ? ನಮ್ಮ ಹೆಸರು ಬಂದ ಕಡೆ ನಾವು ಖಾಲಿ ಬಿಡೋದು, ಅಷ್ಟೇ." ಹೌಗನ್ ಅವನ ಮುಖವನ್ನೇ ನೋಡಿದ. "ಯಾಕೆ ಮಾರಾಯ್ರೆ, ಮೈಗೆ ಹುಷಾರಿಲ್ವಾ?"

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಟ್ರಸ್ಟಿಗಳ ಮುಖ್ಯಸ್ಥೆ.

"ಎವರೆಟ್, ಎಲ್ಲರೂ ಬಂದು ಕೂತಿದ್ದಾರೆ. ನಮ್ಮ ಕತ್ತು ಕೊಯ್ದೋನು ಯಾರು, ಸಿಕ್ಕಿದ್ನಾ?"

"ಸಿಕ್ಕಿದ," ಎಂದ ಸ್ಟ್ರೌಡ್. "ಸಹಿ ನನ್ನದೇ."